ಪಂಪ್ ಕಿತ್ತರೆ ರಸ್ತೆ ಕೈಗೆ ಸಿಗುತ್ತದೆಯೇ?

ಬೆಳ್ತಂಗಡಿಯ ಓದುಗರೊಬ್ಬರು ಕೇಳಿದ್ದಾರೆ: "ನನ್ನ ಹಳೆಯ ಹೋಂಡಾ ಸಿಟಿ ವಿಟೆಕ್ ಕಾರನ್ನು ಆಟೋಕ್ರಾಸ್‌ಗೆಂದು ತಯಾರು ಮಾಡುತ್ತಿದ್ದೇನೆ. ಪವರ್ ಸ್ಟೇರಿಂಗ್‌ನ ಪಂಪು, ಬೆಲ್ಟು ಎರಡನ್ನೂ ತೆಗೆದರೆ ರಸ್ತೆ ನೇರ ಕೈಗೆ ಸಿಗುತ್ತದೆ, ಎಂಜಿನ್‌ಗೂ ಭಾರ ಇಳಿಯುತ್ತದೆ ಅಂತ ಬಿ.ಸಿ.ರೋಡಿನ ಗೆಳೆಯ ಹೇಳುತ್ತಾನೆ. ಮೂಡುಬಿದಿರೆಯ ಇನ್ನೊಬ್ಬ, ಬೇಡ, ಮ್ಯಾನುವಲ್ ರ‍್ಯಾಕ್ ಹುಡುಕಿ ಹಾಕು ಎನ್ನುತ್ತಾನೆ. ಪಂಪ್ ತೆಗೆದ ಮೇಲೆ ಅದೂ ಮ್ಯಾನುವಲ್ಲೇ ಅಲ್ಲವೇ?"

ಅಲ್ಲ. ರ‍್ಯಾಕ್ ಎಂದರೆ ಸ್ಟೇರಿಂಗ್ ತಿರುಗಿದಾಗ ಪಕ್ಕಕ್ಕೆ ಸರಿದು ಮುಂದಿನ ಚಕ್ರಗಳನ್ನು ತಿರುಗಿಸುವ ಹಲ್ಲುಪಟ್ಟಿ. ಪಂಪ್ ತೆಗೆದ ಪವರ್ ರ‍್ಯಾಕ್ ಬೇರೆ, ಮ್ಯಾನುವಲ್ ಆಗಿಯೇ ಹುಟ್ಟಿದ ರ‍್ಯಾಕ್ ಬೇರೆ. ರಸ್ತೆಯ ಸುದ್ದಿ ಕೈಗೆ ಹೇಗೆ ಬರುತ್ತದೆ ಎಂಬುದನ್ನು ತಿಳಿದರೆ ಈ ವ್ಯತ್ಯಾಸ ತಾನಾಗಿ ಸ್ಪಷ್ಟವಾಗುತ್ತದೆ.

ಟೈರು ನೆಲಕ್ಕೆ ತಾಗುವ ಪಟ್ಟಿಯ ಉದ್ದ ಹತ್ತು–ಹದಿನೈದು ಸೆಂಟಿಮೀಟರ್ ಇರಬಹುದು. ತಿರುವಿನಲ್ಲಿ ಕಾರನ್ನು ಒಳಕ್ಕೆ ಎಳೆಯುವ ಪಾರ್ಶ್ವಬಲ ಈ ಪಟ್ಟಿಯ ನಟ್ಟನಡುವೆ ಬೀಳುವುದಿಲ್ಲ, ಎರಡು–ಮೂರು ಸೆಂಟಿಮೀಟರ್ ಹಿಂದಕ್ಕೆ ಬೀಳುತ್ತದೆ. ಚಕ್ರ ತಿರುಗುವ ಅಕ್ಷದ ಓರೆಯಿಂದ, ಅಂದರೆ ಕ್ಯಾಸ್ಟರ್ ಕೋನದಿಂದ, ಇನ್ನೂ ಸ್ವಲ್ಪ ಅಂತರ ಸೇರಿಕೊಳ್ಳುತ್ತದೆ. ಬಲಕ್ಕೂ ತಿರುಗುವ ಅಕ್ಷಕ್ಕೂ ನಡುವಿನ ಈ ಅಂತರವೇ ಚಕ್ರವನ್ನು ಮತ್ತೆ ನೇರಕ್ಕೆ ತರಲು ಹೆಣಗುತ್ತದೆ. ತಿರುವಿನಲ್ಲಿ ಸ್ಟೇರಿಂಗ್ ಕೈಗೆ ಎದುರು ನಿಲ್ಲುವುದು ಇದರಿಂದಲೇ.

ನನಗೆ ತುಂಬ ಸೊಗಸೆನಿಸುವ ಸಂಗತಿ ಮುಂದಿನದು. ಹಿಡಿತ ಮುಗಿಯುವ ಹೊತ್ತು ಹತ್ತಿರವಾದಂತೆ ಪಟ್ಟಿಯ ಹಿಂಭಾಗ ಮೊದಲು ಜಾರತೊಡಗುತ್ತದೆ, ಬಲದ ಕೇಂದ್ರ ಮುಂದಕ್ಕೆ ಸರಿಯುತ್ತದೆ, ಅಂತರ ಕುಗ್ಗುತ್ತದೆ. ಪಾರ್ಶ್ವಬಲ ಇನ್ನೂ ಏರುತ್ತಿರುವಾಗಲೇ ಸ್ಟೇರಿಂಗ್ ಹಗುರಾಗತೊಡಗುತ್ತದೆ. ಅಂದರೆ ಕಾರು ಜಾರುವ ಮೊದಲೇ ಎಚ್ಚರಿಕೆ ಕೈಗೆ ಬಂದಿರುತ್ತದೆ. ಜುಲೈ ಮಳೆಯಲ್ಲಿ ಚಾರ್ಮಾಡಿಯ ಹೇರ್‌ಪಿನ್ ತಿರುವು ಹತ್ತುವಾಗ ಅನುಭವಿ ಚಾಲಕ ವೇಗವನ್ನು ಒಂದಿಷ್ಟು ಬಿಡುವುದು ಬಹಳ ಸಲ ಕಣ್ಣು ಕಂಡದ್ದಕ್ಕಲ್ಲ, ಅಂಗೈಗೆ ತಿಳಿದದ್ದಕ್ಕೆ. ರಸ್ತೆ ಕೈಗೆ ಸಿಗುವುದೆಂದರೆ ಮುಖ್ಯವಾಗಿ ಈ ಹಗುರಾಗುವಿಕೆ ಕೈಗೆ ತಿಳಿಯುವುದು.

ಕಂಬಳ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಮೂಡುಬಿದಿರೆಯ ಕಡಲಕೆರೆಯಲ್ಲಿ ನಡೆಯುವ ಕೋಟಿ–ಚೆನ್ನಯ ಜೋಡುಕರೆ ಕಂಬಳದ ಹಗ್ಗ ವಿಭಾಗವನ್ನು ನೆನಪಿಸಿಕೊಳ್ಳಿ. ನೊಗಕ್ಕೆ ಕಟ್ಟಿದ ಹಗ್ಗವೇ ಓಡಿಸುವವನಿಗೂ ಕೋಣಗಳಿಗೂ ನಡುವಿನ ಸಂಪರ್ಕ. ಯಾವ ಕೋಣ ಮುಂದಕ್ಕೆ ಎಳೆಯುತ್ತಿದೆ, ಯಾವುದು ಕಾಲು ತಪ್ಪುತ್ತಿದೆ ಎಂಬುದು ಬಿಗಿದ ಹಗ್ಗದಲ್ಲಿ ಅವನಿಗೆ ತಿಳಿಯುತ್ತದೆ. ಈಗ ಆ ಹಗ್ಗದ ನಡುವೆ ಒಂದು ಮೊಳ ರಬ್ಬರ್ ಕಟ್ಟಿದರೆಂದು ಎಣಿಸಿ. ಅವನು ಎಳೆದಾಗ ಮೊದಲು ರಬ್ಬರ್ ಹಿಗ್ಗುತ್ತದೆ, ಆಮೇಲಷ್ಟೇ ನೊಗಕ್ಕೆ ತಿಳಿಯುತ್ತದೆ. ಕೋಣ ಮುಗ್ಗರಿಸಿದರೆ ಆ ಸುದ್ದಿಯೂ ರಬ್ಬರಿನಲ್ಲೇ ಅರ್ಧ ಕರಗುತ್ತದೆ. ಇನ್ನು ಹಗ್ಗ ದಾರಿಯಲ್ಲಿ ಒಂದು ಗೂಟಕ್ಕೆ ಉಜ್ಜಿಕೊಂಡೇ ಹೋಗುತ್ತದೆಂದಾದರೆ ಸಣ್ಣ ಎಳೆತಗಳು ಅವನ ಕೈ ತಲುಪುವುದೇ ಇಲ್ಲ, ದೊಡ್ಡವು ಮಾತ್ರ ತಲುಪುತ್ತವೆ. ಪಂಪ್ ಕಿತ್ತ ಪವರ್ ರ‍್ಯಾಕ್‌ನ ಒಳಗೆ ಆ ರಬ್ಬರೂ ಇದೆ, ಆ ಗೂಟವೂ ಇದೆ. ಅವು ಅಲ್ಲಿಗೆ ಹೇಗೆ ಬಂದವು ಎಂಬುದಕ್ಕೆ ಸುಮಾರು ನೂರು ವರ್ಷದ ಕತೆಯಿದೆ.

ಅಮೆರಿಕದ ಪಿಯರ್ಸ್–ಆ್ಯರೋ ಕಂಪನಿಯ ಲಾರಿ ವಿಭಾಗದಲ್ಲಿ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ ಇದ್ದರು. ಲಾರಿ ಚಾಲಕರು ಸ್ಟೇರಿಂಗ್ ಜೊತೆ ಗುದ್ದಾಡುವುದನ್ನು ಕಂಡು ಎಣ್ಣೆಯ ಒತ್ತಡದ ನೆರವು ಕೊಡಬೇಕೆಂದುಕೊಂಡರು. ಕೆಲಸ ಬಿಟ್ಟು ಮ್ಯಾಸಚೂಸೆಟ್ಸ್‌ನ ವಾಲ್ತಮ್ ಎಂಬಲ್ಲಿ ಸ್ವಂತ ಪ್ರಯೋಗಕ್ಕೆ ಕುಳಿತರು. ಅವರ ಮುಖ್ಯ ಹೊಳಹು ವಾಲ್ವಿನದು. ಒತ್ತಡವನ್ನು ಸದಾ ಕಟ್ಟಿಟ್ಟುಕೊಂಡು ಬೇಕಾದಾಗ ಬಿಡುವ ಬದಲು, ವಾಲ್ವನ್ನು ನಡುವಿನಲ್ಲಿ ತೆರೆದೇ ಇಟ್ಟು ಎಣ್ಣೆ ಸುಮ್ಮನೆ ಸುತ್ತುತ್ತಿರಲಿ, ಚಾಲಕ ತಿರುಗಿಸಿದಾಗ ಮಾತ್ರ ದಾರಿ ಕಿರಿದಾಗಿ ಒತ್ತಡ ಏರಲಿ ಎಂದು ಯೋಚಿಸಿದರು. 1926ರಲ್ಲಿ ಪಿಯರ್ಸ್–ಆ್ಯರೋ ಕಾರಿಗೆ ಅದನ್ನು ಜೋಡಿಸಿ ಓಡಿಸಿಯೂ ತೋರಿಸಿದರು. ಆದರೆ ಆರ್ಥಿಕ ಮಹಾಕುಸಿತ ಅಡ್ಡಬಂತು. ಕೊನೆಗೆ ಎರಡನೆಯ ಮಹಾಯುದ್ಧದ ಭಾರೀ ಸೇನಾ ವಾಹನಗಳಲ್ಲಿ ಪವರ್ ಸ್ಟೇರಿಂಗ್ ಬಳಕೆಗೆ ಬಂತು, 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಿನ ಮೂಲಕ ಸಾಮಾನ್ಯ ಗ್ರಾಹಕರನ್ನು ತಲುಪಿತು.

ನಮ್ಮಲ್ಲಿ ಅದು ಬಂದದ್ದು ತಡವಾಗಿ. ಘಟ್ಟ ಹತ್ತುತ್ತಿದ್ದ ಹಳೆಯ ಬಸ್ಸುಗಳ ಸ್ಟೇರಿಂಗ್ ಚಕ್ರ ಅಷ್ಟು ದೊಡ್ಡದಾಗಿದ್ದುದು ಸನ್ನೆಯ ಲಾಭಕ್ಕಾಗಿ. ಚಾಲಕನ ತೋಳೇ ಅಲ್ಲಿನ ಪಂಪ್ ಆಗಿತ್ತು. 1983ರಲ್ಲಿ ಬಂದ ಮಾರುತಿ 800 ಕೊನೆಯವರೆಗೂ ಮ್ಯಾನುವಲ್ ರ‍್ಯಾಕ್‌ನಲ್ಲೇ ಉಳಿಯಿತು. ಅಷ್ಟು ಹಗುರ ಕಾರಿಗೆ ಬೇರೆ ನೆರವೇ ಬೇಕಿರಲಿಲ್ಲ.

ಇಂದಿನ ಹೈಡ್ರಾಲಿಕ್ ರ‍್ಯಾಕ್‌ನಲ್ಲಿ ಡೇವಿಸ್ ಅವರ ವಾಲ್ವು ಪಿನಿಯನ್ (ಹಲ್ಲುಪಟ್ಟಿಯನ್ನು ಸರಿಸುವ ಸಣ್ಣ ಹಲ್ಲುಚಕ್ರ) ಬಳಿ ಕುಳಿತಿದೆ. ಸ್ಟೇರಿಂಗ್ ದಂಡವನ್ನೂ ಪಿನಿಯನ್ನನ್ನೂ ಜೋಡಿಸುವುದು ತಿರುಚಿಕೊಳ್ಳುವ ತೆಳು ಉಕ್ಕಿನ ಸರಳು, ಟಾರ್ಷನ್ ಬಾರ್. ಚಾಲಕ ತಿರುಗಿಸಿದಾಗ ಈ ಸರಳು ತುಸು ತಿರುಚುತ್ತದೆ, ತಿರುಚಿದಷ್ಟು ವಾಲ್ವು ಸರಿಯುತ್ತದೆ, ಒತ್ತಡದ ಎಣ್ಣೆ ರ‍್ಯಾಕ್ ಒಳಗಿನ ಪಿಸ್ಟನ್ನನ್ನು ತಳ್ಳುತ್ತದೆ. ಪಂಪ್ ಇರುವಾಗ ಇದು ಅಚ್ಚುಕಟ್ಟಾದ ವ್ಯವಸ್ಥೆ. ಪಂಪ್ ಕಿತ್ತಿರೋ, ಎಣ್ಣೆ ನೆರವು ನಿಂತಿತು, ಸರಳು ಮಾತ್ರ ಉಳಿಯಿತು. ಈಗ ಪ್ರತಿ ತಿರುವಿನಲ್ಲೂ ಮೊದಲು ಸರಳು ಕೆಲವು ಡಿಗ್ರಿ ತಿರುಚಬೇಕು, ಒಳಗಿನ ತಡೆಗೆ ತಾಗಬೇಕು, ಅನಂತರ ಚಕ್ರಕ್ಕೆ ಪೂರ್ತಿ ಬಲ ಹೋಗುತ್ತದೆ. ಗ್ಯಾರೇಜಿನಲ್ಲಿ ಇದನ್ನು 'ಪ್ಲೇ ಬಂದಿದೆ' ಎಂದು ಗುರುತಿಸುತ್ತಾರೆ. ಪಿಸ್ಟನ್ನಿನ ಸೀಲು ಸಿಲಿಂಡರಿನ ಗೋಡೆಗೆ ಉಜ್ಜುತ್ತಲೇ ಇರುತ್ತದೆ. ಎರಡು ಪೈಪುಗಳನ್ನು ಒಂದಕ್ಕೊಂದು ಸುತ್ತಿ ಜೋಡಿಸಿ ಎಣ್ಣೆ ಒಳಗೇ ಬಿಟ್ಟಿದ್ದರಂತೂ, ಬೇಗ ತಿರುಗಿಸಿದಷ್ಟೂ ಎಣ್ಣೆಯ ತಡೆ ಹೆಚ್ಚುತ್ತದೆ. ಹಿಂಬದಿ ಜಾರಿದಾಗ ತಟ್ಟನೆ ಎದುರು ತಿರುಗಿಸಬೇಕಾದ ಆಟೋಕ್ರಾಸ್‌ನಲ್ಲಿ ಇದು ಕೈಕಟ್ಟಿದ ಸ್ಥಿತಿ.

ಇನ್ನು ಅನುಪಾತದ ಲೆಕ್ಕ, ಅಂದರೆ ಚಕ್ರ ಒಂದು ಡಿಗ್ರಿ ತಿರುಗಲು ಸ್ಟೇರಿಂಗ್ ಎಷ್ಟು ಡಿಗ್ರಿ ತಿರುಗಬೇಕೆಂಬುದು. ಒಂದೇ ಕಾರನ್ನು ಎರಡೂ ಬಗೆಯ ರ‍್ಯಾಕ್‌ನೊಂದಿಗೆ ಮಾರಿದ್ದಕ್ಕೆ 1989ರ ಮಾಜ್ದಾ ಎಂಎಕ್ಸ್–5 ಒಳ್ಳೆಯ ಉದಾಹರಣೆ. ಅದರ ಮ್ಯಾನುವಲ್ ರ‍್ಯಾಕ್ 18ಕ್ಕೆ 1, ಪವರ್ ರ‍್ಯಾಕ್ 15ಕ್ಕೆ 1. ನೆರವು ಇದೆಯೆಂದೇ ಪವರ್ ರ‍್ಯಾಕನ್ನು ಚುರುಕಾಗಿ ಮಾಡಿರುತ್ತಾರೆ. ನೆರವು ಕಿತ್ತರೂ 15ಕ್ಕೆ 1 ಹಾಗೇ ಉಳಿಯುತ್ತದೆ.

ಒಂದು ಟನ್ ಕಾರು, ಮುಂದಿನ ಚಕ್ರಗಳ ಮೇಲೆ 600 ಕೆಜಿ ಎಂದಿಟ್ಟುಕೊಳ್ಳೋಣ. ಒಳ್ಳೆಯ ಡಾಂಬರಿನಲ್ಲಿ 0.7 ಜಿ ವೇಗೋತ್ಕರ್ಷದ ತಿರುವಿಗೆ ಮುಂದಿನ ಟೈರುಗಳು ಸುಮಾರು 4100 ನ್ಯೂಟನ್ ಬಲ ಕೊಡಬೇಕು. ಮೇಲೆ ಹೇಳಿದ ಅಂತರಗಳ ಮೊತ್ತ 5 ಸೆಂಟಿಮೀಟರ್ ಎಂದರೆ, 36 ಸೆಂಟಿಮೀಟರ್ ವ್ಯಾಸದ ಸ್ಟೇರಿಂಗ್‌ನ ಅಂಚಿನಲ್ಲಿ 18:1 ರ‍್ಯಾಕ್‌ಗೆ ಸುಮಾರು ಆರೂವರೆ ಕೆಜಿ, 15:1 ರ‍್ಯಾಕ್‌ಗೆ ಸುಮಾರು ಎಂಟು ಕೆಜಿ ಎಳೆತ ಬೇಕು. ಸೀಲಿನ ಉಜ್ಜಾಟ ಇದಕ್ಕೆ ಸೇರಿಲ್ಲ. ಟೈರು ಅಗಲವಾದರೆ, ಕ್ಯಾಸ್ಟರ್ ಹೆಚ್ಚಿಸಿದರೆ ಭಾರ ಇನ್ನೂ ಏರುತ್ತದೆ. ಮಣ್ಣಿನಲ್ಲಿ ಹಿಡಿತವೇ ಕಡಿಮೆಯಾದ್ದರಿಂದ ಎಂಟು ಕೆಜಿ ಐದರ ಹತ್ತಿರಕ್ಕೆ ಇಳಿಯುತ್ತದೆ.

ಹಾಗಾದರೆ 18:1 ರ‍್ಯಾಕೇ ಮೇಲು ಎನ್ನಬೇಡಿ. ಚಾರ್ಮಾಡಿಯ ಬಿಗಿ ತಿರುವಿಗೆ ಮುಂದಿನ ಚಕ್ರ 30 ಡಿಗ್ರಿ ತಿರುಗಬೇಕೆಂದರೆ 15:1ರಲ್ಲಿ ಸ್ಟೇರಿಂಗ್ 450 ಡಿಗ್ರಿ, 18:1ರಲ್ಲಿ 540 ಡಿಗ್ರಿ ತಿರುಗಬೇಕು: ಒಂದೂಕಾಲು ಸುತ್ತು, ಒಂದೂವರೆ ಸುತ್ತು. ಅದೇ ಘಟ್ಟ ಹತ್ತಿ ಕೊಟ್ಟಿಗೆಹಾರ ದಾಟಿದರೆ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳು, ರಾಷ್ಟ್ರೀಯ ರ‍್ಯಾಲಿಯ ಸುತ್ತುಗಳು ನಡೆಯುವ ಜಾಗ. ಅಲ್ಲಿ ಎಡ–ಬಲ ತಿರುವುಗಳು ಒಂದರ ಹಿಂದೆ ಒಂದು ಬರುವಾಗ ಆ ಕಾಲು ಸುತ್ತಿನ ಬೆಲೆ ದೊಡ್ಡದು. ಮ್ಯಾನುವಲ್ ರ‍್ಯಾಕ್ ತೋಳಿನ ಬಲ ಉಳಿಸುತ್ತದೆ, ಸಮಯ ಕೇಳುತ್ತದೆ. ಪಂಪ್ ಕಿತ್ತ ರ‍್ಯಾಕ್ ಸಮಯ ಉಳಿಸುತ್ತದೆ, ತೋಳನ್ನು ಕೇಳುತ್ತದೆ.

ಹಾಗೆಂದು ನೆರವಿಲ್ಲದ ಸ್ಟೇರಿಂಗ್ ಮಾತ್ರವೇ ನಿಜವಾದ ಸ್ಪೋರ್ಟ್ಸ್ ಕಾರಿನ ಲಕ್ಷಣ ಎಂಬ ಉತ್ಸಾಹವನ್ನು ನಾನು ಒಪ್ಪಲಾರೆ. ಲೋಟಸ್ ಎಲೀಸ್, ಆಲ್ಫಾ ರೋಮಿಯೋ 4ಸಿ ಕಾರುಗಳಲ್ಲಿ ಅದು ಸೊಗಸಾಗಿ ಕೆಲಸ ಮಾಡಿತು, ಏಕೆಂದರೆ ಅವು ಹಗುರ, ಎಂಜಿನ್ ಹಿಂದಿದೆ, ಮುಂದಿನ ಚಕ್ರಗಳ ಮೇಲೆ ಭಾರವಿಲ್ಲ. ಮುಂಭಾಗದಲ್ಲೇ ಎಂಜಿನ್ನೂ ಗೇರ್‌ಬಾಕ್ಸೂ ಹೊತ್ತ ಸಿಟಿಯಂಥ ಕಾರಿನ ಲೆಕ್ಕ ಬೇರೆ. ವಿಶ್ವ ರ‍್ಯಾಲಿಯ ಕಾರುಗಳಲ್ಲಿ ಹೈಡ್ರಾಲಿಕ್ ನೆರವಿದೆ. ಫಾರ್ಮುಲಾ ಒನ್‌ನಲ್ಲೂ ಇದೆ. ಅಲ್ಲಿನ ನಿಯಮ ನಿಷೇಧಿಸುವುದು ವಿದ್ಯುನ್ಮಾನ ನಿಯಂತ್ರಣವನ್ನು, ವಿದ್ಯುತ್ತಿನಿಂದ ನಡೆಯುವ ನೆರವನ್ನು ಮಾತ್ರ. ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರಲ್ಲಿ ನೆರವಿಲ್ಲ. 2025ರ ಮೇ ತಿಂಗಳಲ್ಲಿ ಮೊನಾಕೊದ ಸ್ಪ್ರಿಂಟ್ ರೇಸ್ ಗೆದ್ದ ಬೆಂಗಳೂರಿನ ಕುಶ್ ಮೈನಿ ಅಲ್ಲಿನ ಇಕ್ಕಟ್ಟಿನ ಬೀದಿಗಳಲ್ಲಿ ಕಾರನ್ನು ತಿರುಗಿಸಿದ್ದು ತೋಳಿನ ಬಲದಿಂದಲೇ. ಅದಕ್ಕೆಂದೇ ಈ ಚಾಲಕರು ತೋಳು, ಭುಜಗಳನ್ನು ವರ್ಷಗಟ್ಟಲೆ ಪಳಗಿಸುತ್ತಾರೆ.

ವಿದ್ಯುತ್ ಮೋಟಾರಿನ ಸ್ಟೇರಿಂಗ್ ಇರುವವರಿಗೆ ಒಂದು ಮಾತು. 1988ರಲ್ಲಿ ಸುಜುಕಿ ಸೆರ್ವೊ ಕಾರಿನಲ್ಲಿ ಮೊದಲು ಬಂದ ಈ ವಿಧಾನ ಇಂದು ನಮ್ಮ ಬಹುತೇಕ ಕಾರುಗಳಲ್ಲಿದೆ. 2003ರ ನಂತರದ ಸಿಟಿಯಲ್ಲೂ ಇದೇ. ಇದರ ಫ್ಯೂಸ್ ಕಿತ್ತರೆ ಮೋಟಾರೂ ಅದರ ಹಲ್ಲುಚಕ್ರವೂ ನಿಮ್ಮ ಕೈಯ ಹೊರೆಯಾಗಿ ಉಳಿಯುತ್ತವೆ. ಆ ದಾರಿಯಲ್ಲಿ ರಸ್ತೆಯ ಸ್ಪರ್ಶ ಸಿಗುವುದಿಲ್ಲ.

ಹಾಗಾದರೆ ಆಯ್ಕೆ ಯಾವುದು? ಕಾರು 800–900 ಕೆಜಿಯ ಒಳಗಿದ್ದು ಟೈರು ಸಣ್ಣದಾಗಿದ್ದರೆ ಮ್ಯಾನುವಲ್ ರ‍್ಯಾಕ್ ಚೆನ್ನ. ಒಂದು ಟನ್ನಿನ, ಮುಂಭಾರದ ಕಾರಿಗೆ ಪವರ್ ಸ್ಟೇರಿಂಗ್ ಉಳಿಸಿಕೊಳ್ಳುವುದೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ. ಪಂಪ್ ತೆಗೆದರೆ ಎಂಜಿನ್‌ಗೆ ಉಳಿಯುವುದು ಒಂದೆರಡು ಅಶ್ವಶಕ್ತಿ, ಕಳೆದುಕೊಳ್ಳುವುದು ತುರ್ತಿನಲ್ಲಿ ತಿರುಗಿಸುವ ವೇಗ. ಕೇವಲ ಸ್ಪರ್ಧೆಗೆಂದೇ ಇರುವ ಕಾರಿನಲ್ಲಿ ಪಂಪ್ ತೆಗೆಯಲೇಬೇಕಾದರೆ ಕೆಲಸ ಪೂರ್ತಿ ಮಾಡಿ: ರ‍್ಯಾಕ್ ಬಿಚ್ಚಿ ಪಿಸ್ಟನ್ ಸೀಲು ತೆಗೆಸಿ, ಎಣ್ಣೆ ಖಾಲಿ ಮಾಡಿ ಗ್ರೀಸ್ ತುಂಬಿಸಿ, ಟಾರ್ಷನ್ ಬಾರ್ ತಿರುಚದಂತೆ ವಾಲ್ವನ್ನು ಭದ್ರಪಡಿಸಿ. ಆ ಕೊನೆಯ ಕೆಲಸಕ್ಕೆ ಪಿನಿಯನ್ ಬಳಿ ಬೆಸುಗೆ ಬೇಕಾಗುತ್ತದೆ. ಅಲ್ಲಿ ಉಕ್ಕಿಗೆ ಬಿಸಿ ಹೆಚ್ಚಾಗಿ ಬಿರುಕು ಬಿಟ್ಟರೆ ಸ್ಟೇರಿಂಗೇ ಇಲ್ಲದಂತಾಗುತ್ತದೆ, ಆದ್ದರಿಂದ ಅದನ್ನು ತಿಳಿದವರಲ್ಲಿ ಮಾತ್ರ ಮಾಡಿಸಬೇಕು. ದಿನಬಳಕೆಯ ಕಾರಿನಲ್ಲಿ ಇದಕ್ಕೆ ಕೈ ಹಾಕಲೇಬೇಡಿ. ತಯಾರಕರ ಮೂಲ ವಿನ್ಯಾಸ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ.

ಏನನ್ನೂ ಬಿಚ್ಚುವ ಮೊದಲು ಒಂದು ಅಳತೆ ಮಾಡಿ. ಕಾರಿನ ಮುಂಭಾಗವನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಎಂಜಿನ್ ಆಫ್ ಇಟ್ಟು, ಮೀನು ತೂಗುವ ಕೊಕ್ಕೆ ತಕ್ಕಡಿಯನ್ನು ಸ್ಟೇರಿಂಗ್ ಅಂಚಿಗೆ ಸಿಕ್ಕಿಸಿ ನಿಧಾನವಾಗಿ ಎಳೆಯಿರಿ. ಚಕ್ರ ಗಾಳಿಯಲ್ಲಿರುವಾಗ ತಕ್ಕಡಿ ತೋರಿಸುವುದೆಲ್ಲ ಒಳಗಿನ ಉಜ್ಜಾಟ. ಟೈರಿನ ಸುದ್ದಿ ಕೈಗೆ ಬರಬೇಕಾದರೆ ಅದನ್ನು ದಾಟಿಯೇ ಬರಬೇಕು. ಸವೆದ ಟೈ ರಾಡ್ ಎಂಡು, ರ‍್ಯಾಕ್ ಬುಶ್ಶು, ಒಣಗಿದ ಸ್ಟೇರಿಂಗ್ ಜಾಯಿಂಟು, ತಪ್ಪಿದ ಅಲೈನ್‌ಮೆಂಟು ಇವನ್ನೆಲ್ಲ ಸರಿಪಡಿಸಿ, ಎಣ್ಣೆ ಬದಲಿಸಿ ಮತ್ತೆ ಅಳೆಯಿರಿ, ಮತ್ತೆ ಓಡಿಸಿ. ಹಳೆಯ ಕಾರುಗಳಲ್ಲಿ ಕಳೆದುಹೋದ ಸ್ಪರ್ಶದ ಬಹುಪಾಲು ಹೀಗೆಯೇ ಮರಳುತ್ತದೆ, ಪಂಪ್ ಇದ್ದ ಜಾಗದಲ್ಲೇ ಇರುತ್ತದೆ.