ಹೋದವರ ದುಡ್ಡಿನಲ್ಲಿ ಮೊದಲು ಯಾರ ಬಾಕಿ?

ಸಾವಿನ ಮನೆಯಲ್ಲಿ ಖರ್ಚು ಯಾರಿಗೂ ಕಾಯುವುದಿಲ್ಲ. ಆಸ್ಪತ್ರೆಯ ಬಾಕಿ, ಆಂಬುಲೆನ್ಸ್, ಚಿತಾಗಾರ, ಪುರೋಹಿತರ ದಕ್ಷಿಣೆ ಎಲ್ಲಕ್ಕೂ ಆ ಗಳಿಗೆಯಲ್ಲಿ ಹತ್ತಿರವಿದ್ದ ಮಗಳೋ ಅಳಿಯನೋ ಕೈಯಿಂದ ಹಾಕಿರುತ್ತಾರೆ. ಮುಂದೆ ಪಾಲಿನ ಮಾತು ಬಂದಾಗ, ‘ಅದು ನಿಮ್ಮ ಕರ್ತವ್ಯವಲ್ಲವೇ’ ಎಂದು ಅವರ ಬಾಯಿ ಮುಚ್ಚಿಸುವುದುಂಟು. ಇದು ಅನ್ಯಾಯ. ಕಾನೂನು ಹೇಳುವುದೂ ಬೇರೆಯೇ.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 320ನೇ ಕಲಮಿನ ಪ್ರಕಾರ, ಹೋದವರ ಆಸ್ತಿಯಿಂದ ಎಲ್ಲ ಸಾಲಕ್ಕಿಂತ ಮೊದಲು ತೀರಬೇಕಾದದ್ದು ಅಂತ್ಯಕ್ರಿಯೆಯ ಖರ್ಚು. ಕೊನೆಗಾಲದ ವೈದ್ಯರ ಶುಲ್ಕ, ಸಾವಿಗೆ ಮುಂಚಿನ ಒಂದು ತಿಂಗಳ ಊಟ-ವಸತಿಯ ವೆಚ್ಚವೂ ಇದರಲ್ಲೇ ಸೇರುತ್ತದೆ. ಆದರೆ ಅಂತ್ಯಕ್ರಿಯೆಯ ಖರ್ಚು ಹೋದವರ ಅಂತಸ್ತಿಗೆ ತಕ್ಕಂತೆ, ಮಿತಿಯಲ್ಲಿರಬೇಕು. ಸಾಲ ಕೊಟ್ಟವರು ಕಾಯುತ್ತಿರುವಾಗ ಊರಿಗೆಲ್ಲ ವೈಕುಂಠ ಸಮಾರಾಧನೆಯ ಊಟ ಹಾಕಿ, ಅದನ್ನು ಆಸ್ತಿಯ ಲೆಕ್ಕಕ್ಕೆ ಬರೆದರೆ ಅವರು ತಕರಾರು ತೆಗೆಯಬಹುದು. ರಸೀದಿಗಳನ್ನು ಅಂದಂದೇ ಒಂದು ಲಕೋಟೆಯಲ್ಲಿಡಿ. ರಸೀದಿ ಸಿಗದ ಖರ್ಚನ್ನು ತಾರೀಕಿನೊಂದಿಗೆ ಬರೆದು, ಉಳಿದ ವಾರಸುದಾರರ ಸಹಿ ಹಾಕಿಸಿಕೊಳ್ಳಿ.

ಎರಡನೆಯದು, ವಿಲ್ಲನ್ನು ದೃಢಪಡಿಸುವ ಪ್ರೊಬೇಟ್‌ನಂಥ ಕೋರ್ಟು ಕೆಲಸದ ವೆಚ್ಚ.

ಮೂರನೆಯದನ್ನೇ ಹೆಚ್ಚು ಮನೆಗಳು ಮರೆಯುವುದು. ಹೋದವರ ಬಳಿ ದುಡಿದ ಕೂಲಿಯಾಳು, ಕುಶಲಕರ್ಮಿ, ಮನೆಗೆಲಸದವರಿಗೆ ಸಾವಿನ ಹಿಂದಿನ ಮೂರು ತಿಂಗಳಲ್ಲಿ ಉಳಿದ ಸಂಬಳವನ್ನು ಇತರ ಸಾಮಾನ್ಯ ಸಾಲಗಳಿಗಿಂತ ಮುಂಚೆ ಕೊಡಬೇಕು. ಅಜ್ಜಿಯನ್ನು ಕೊನೆಯವರೆಗೆ ನೋಡಿಕೊಂಡ ಹೆಂಗಸಿನ ಬಳಿ ಕಾಗದಪತ್ರ ಇರುವುದಿಲ್ಲ, ದುಃಖದ ಮನೆಯಲ್ಲಿ ಬಾಯಿಬಿಟ್ಟು ಕೇಳಲು ಅವರಿಗೆ ಸಂಕೋಚ. ಅವರು ಕೇಳುವವರೆಗೆ ಕಾಯಬಾರದು, ಕರೆದು ಕೊಡಬೇಕು.

ಆಮೇಲೆ ಉಳಿದ ಸಾಲಗಳು. ಅಡವಿಟ್ಟ ಮನೆಯ ಮೇಲೆ ಬ್ಯಾಂಕಿನ ಹಕ್ಕು ಹಾಗೇ ಇರುತ್ತದೆ. ಅಡಮಾನವಿಲ್ಲದ ಸಾಮಾನ್ಯ ಸಾಲಗಳಲ್ಲಿ ಒಬ್ಬರಿಗೆ ಪೂರ್ತಿ ಕೊಟ್ಟು ಇನ್ನೊಬ್ಬರಿಗೆ ಇಲ್ಲವೆನ್ನುವಂತಿಲ್ಲ. ಇಂಥ ಸಾಲ ನಾಲ್ಕು ಲಕ್ಷವಿದ್ದು, ಕೈಯಲ್ಲಿ ಎರಡೇ ಲಕ್ಷ ಉಳಿದಿದ್ದರೆ ಪ್ರತಿಯೊಬ್ಬರಿಗೂ ಅರ್ಧರ್ಧ: ಒಂದು ಲಕ್ಷ ಕೈಸಾಲ ಕೊಟ್ಟವರಿಗೆ ಐವತ್ತು ಸಾವಿರ. ವಿಲ್ಲಿನಲ್ಲಿ ಬರೆದ ಕೊಡುಗೆಗಳು, ವಾರಸುದಾರರ ಪಾಲು ಇದೆಲ್ಲ ತೀರಿದ ಮೇಲೆಯೇ.

ದುಡ್ಡು ಕೈಗೆ ಬರುವುದು ಹೇಗೆ? ತೀರಿಕೊಂಡವರ ಎಟಿಎಂ ಕಾರ್ಡು ಬಳಸಬೇಡಿ. ಮರಣ ಪ್ರಮಾಣಪತ್ರದೊಂದಿಗೆ ಬ್ಯಾಂಕಿಗೆ ಹೋಗಿ. ಬ್ಯಾಂಕು ಠೇವಣಿಯನ್ನು ನಾಮಿನಿಗೆ ಕೊಡುತ್ತದೆ, ಆದರೆ ನಾಮಿನಿಯಾದ ಮಾತ್ರಕ್ಕೆ ಆ ಹಣ ಅವರ ಸ್ವಂತದ್ದಾಗುವುದಿಲ್ಲ. ಅದು ವಾರಸುದಾರರಿಗೆ ಸೇರಿದ್ದು, ಸಾಲ ಕೊಟ್ಟವರಿಗೂ ಉತ್ತರ ಕೊಡಬೇಕಾದದ್ದು.

ಆಸ್ತಿಯೇ ಸಾಲದಿದ್ದರೆ? ವಾರಸುದಾರರ ಹೊಣೆ ತಮಗೆ ಬಂದ ಆಸ್ತಿಯ ಬೆಲೆಯಷ್ಟೇ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ಹಿಂದೂ ನಿಯಮದ ಆಧಾರದ ಮೇಲಷ್ಟೇ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಜಾರಿಗೆ ಬಂದ ಮೇಲೆ ಮಾಡಿದ ಸಾಲವನ್ನು ಮಗನಿಂದ ವಸೂಲು ಮಾಡಲಾಗದು. ಜಾಮೀನಿಗೋ ಜಂಟಿ ಸಾಲಕ್ಕೋ ನೀವೇ ಸಹಿ ಹಾಕಿದ್ದರೆ ಮಾತು ಬೇರೆ. ವಸೂಲಿಗಾರರು ಫೋನಿನಲ್ಲಿ ಒತ್ತಾಯಿಸಿದರೆ ಹೆದರಿ ಹಣ ಕಟ್ಟಬೇಡಿ. ಬಾಕಿಯ ವಿವರವನ್ನೂ ಸಾಲದ ಕರಾರಿನ ಪ್ರತಿಯನ್ನೂ ಬರಹದಲ್ಲಿ ಕೇಳಿ, ಅದರಲ್ಲಿ ಯಾರ ಸಹಿ ಇದೆಯೆಂದು ಮೊದಲು ನೋಡಿ.