ಶರಾವತಿಯ ಹಿನ್ನೀರಿನ ಲಾಂಚು

ಕ್ರಿ. ಶ. 1807ರಲ್ಲಿ ಅಮೆರಿಕದ ಹಡ್ಸನ್ ನದಿಯಲ್ಲಿ ರಾಬರ್ಟ್ ಫುಲ್ಟನ್ನನ ಉಗಿದೋಣಿಯು ಪ್ರಯಾಣಿಕರನ್ನು ಹೊತ್ತು ಯಶಸ್ವಿಯಾಗಿ ಸಂಚರಿಸಿದ ಬಳಿಕ, ಹೊಗೆಹಡಗು ಬಹುಬೇಗನೆ ಸರೋವರಗಳನ್ನೂ ಸೇರಿತು. ಜಿನೀವಾ ಸರೋವರದಲ್ಲಿ 1823ರಲ್ಲಿಯೂ, ಇಂಗ್ಲೆಂಡಿನ ವಿಂಡರ್ಮಿಯರಿನಲ್ಲಿ 1845ರಲ್ಲಿಯೂ ಅದು ಕಾಣಿಸಿಕೊಂಡಿತು. ಗಂಗಾನದಿಯಲ್ಲಿ 1830ರ ದಶಕದಲ್ಲಿಯೇ ಅದರ ಸಂಚಾರವಿದ್ದಿತು. ಹೀಗಿರಲು ಹೊಳೆಗಳ ನಾಡಾದ ಸಾಗರ ಸೀಮೆಗೆ ಯಂತ್ರದೋಣಿಯು ಬಂದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಈ ವಿಳಂಬಕ್ಕೆ ಜನರ ಅಜ್ಞಾನವು ಕಾರಣವಲ್ಲ. ನೆಲದ ಸ್ವರೂಪವೇ ಕಾರಣ.

ಜೋಗದ ಜಲಪಾತದ ಕೆಳಗೆ ಗೇರುಸೊಪ್ಪೆಯಿಂದ ಹೊನ್ನಾವರದವರೆಗೆ ಶರಾವತಿಯು ದೋಣಿಗಳಿಗೆ ಎಡೆಗೊಡುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಜಲಪಾತವನ್ನು ನೋಡಲು ಕರಾವಳಿಯಿಂದ ಹೊರಟವರು ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಬಂದು, ಅಲ್ಲಿಂದ ಘಟ್ಟವನ್ನು ಹತ್ತುತ್ತಿದ್ದರು. ಘಟ್ಟದ ಮೇಲಾದರೋ ಪಾತ್ರದ ತುಂಬ ಬಂಡೆಗಳು. ಮಳೆಗಾಲದಲ್ಲಿ ಪ್ರವಾಹ, ಬೇಸಗೆಯಲ್ಲಿ ಮೊಣಕಾಲುದ್ದದ ನೀರು. ಶಿವಮೊಗ್ಗೆಯ ತುಂಗೆಯೂ, ಭದ್ರಾವತಿ-ಜನ್ನಾಪುರಗಳ ಕಡೆಯ ಭದ್ರೆಯೂ ಈ ಬಗೆಯವೇ. ಇಂತಹ ಹೊಳೆಗಳಿಗೆ ತಕ್ಕುದು ಹರಿಗೋಲು. ಬಿದಿರಿನ ಬುಟ್ಟಿಗೆ ತೊಗಲನ್ನು ಹೊದಿಸಿದ ಈ ವಾಹನವು ಬಂಡೆಗೆ ತಾಗಿದರೆ ತಿರುಗುವುದಲ್ಲದೆ ಸುಲಭವಾಗಿ ಒಡೆಯದು. ದುಂಡಾದ ಇಂತಹ ಬುಟ್ಟಿದೋಣಿಗಳನ್ನು ಸುಮಾರು 1520ರಲ್ಲಿ ವಿಜಯನಗರದ ಬಳಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಕಂಡು ವರ್ಣಿಸಿರುವನು.

ನೌಕಾವಾಚಕ ಶಬ್ದಗಳೂ ಇಲ್ಲಿ ವಿಚಾರಾರ್ಹವಾಗಿವೆ. ನಾವೆಯು ಸಂಸ್ಕೃತದ ‘ನೌ’ ಶಬ್ದದಿಂದ ಬಂದುದು. ದೋಣಿಯನ್ನು ‘ದ್ರೋಣಿ’ಯ ತದ್ಭವವೆನ್ನುವರು. ಅಂಬಿ, ಓಡ ಎಂಬಿವು ತಮಿಳಿನಲ್ಲಿಯೂ ಇರುವ ದೇಶ್ಯಗಳು. ಅಂಬಿಯನ್ನು ನಡೆಸುವವನು ಅಂಬಿಗ. ಹನ್ನೆರಡನೆಯ ಶತಮಾನದ ವಚನಕಾರ ಚೌಡಯ್ಯನು ಆ ಕಸುಬಿನಿಂದಲೇ ಪ್ರಸಿದ್ಧನು. ಲಾಂಚೆಂಬುದು ಇಂಗ್ಲಿಷಿನ ಮೂಲಕ ಬಂದಿದ್ದರೂ ಅದರ ಹಿಂದೆ ಪೋರ್ಚುಗೀಸರ ‘ಲಾಂಚ’ವಿದೆ, ಅದಕ್ಕೂ ಹಿಂದೆ ಶೀಘ್ರವೆಂಬ ಅರ್ಥದ ಮಲಯ ಶಬ್ದವಿದ್ದಿರಬೇಕೆಂದು ಭಾಷಾಶಾಸ್ತ್ರಜ್ಞರ ಊಹೆ. ಹಿನ್ನೀರಿನ ಲಾಂಚಿಗಾಗಿ ದಡದಲ್ಲಿ ಕಾದು ಕುಳಿತವರಿಗೆ ಈ ನಿರುಕ್ತಿಯು ಅಷ್ಟಾಗಿ ರುಚಿಸಲಾರದು!

ಶರಾವತಿಗೆ ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಮೊದಲನೆಯದು. 1964ರಲ್ಲಿ ಪೂರ್ಣವಾದ ಲಿಂಗನಮಕ್ಕಿಯ ಅಣೆಕಟ್ಟು ಅದನ್ನೂ ನುಂಗಿತು. ಸಮುದ್ರಮಟ್ಟದಿಂದ 1819 ಅಡಿಗಳವರೆಗೆ ನಿಲ್ಲುವ ಈ ನೀರಿನಲ್ಲಿ ಮನೆ, ತೋಟ, ಗದ್ದೆ, ದೇವಾಲಯ, ದಾರಿಗಳೆಲ್ಲವೂ ಅಡಗಿದುವು. ‘ಮುಳುಗಡೆ’ ಎಂಬ ಕ್ರಿಯಾವಾಚಕವು ಈ ಸೀಮೆಯಲ್ಲಿ ಒಂದು ಕಾಲದ ಹೆಸರೇ ಆಗಿಬಿಟ್ಟಿತು. ನಾ. ಡಿಸೋಜಾ (1937–2025) ಅವರ ‘ಮುಳುಗಡೆ’, ‘ದ್ವೀಪ’ ಎಂಬ ಕಾದಂಬರಿಗಳ ವಸ್ತುವೂ ಇದೇ. ಊರು ಬಿಟ್ಟವರು ಬಿಟ್ಟರು. ತುಮರಿ, ಸಿಗಂದೂರುಗಳ ಕಡೆಯಲ್ಲಿ ಉಳಿದವರಿಗೆ ತಾಲ್ಲೂಕಿನ ಕೇಂದ್ರವಾದ ಸಾಗರವು ನೀರಿನ ಆಚೆಯದಾಯಿತು. ಲಾಂಚು ಹುಟ್ಟಿದುದು ಈ ಅವಶ್ಯಕತೆಯಿಂದ. ಆದುದರಿಂದ ಇದನ್ನು ವಿಂಡರ್ಮಿಯರಿನ ವಿಹಾರನೌಕೆಯೊಡನೆ ಹೋಲಿಸುವುದು ಸರಿಯಲ್ಲ. ಅಲ್ಲಿ ಸರೋವರವಿದ್ದು ಹಡಗು ಬಂದಿತು. ಇಲ್ಲಿ ದಾರಿ ಹೋಗಿ ಲಾಂಚು ಬಂದಿತು.

ಇದು ಉಗಿಯದಲ್ಲ, ಡೀಸೆಲ್ಲಿನದು. ಅಂಬಾರಗೋಡ್ಲಿನ ಹೊಳೆಬಾಗಿಲಿನಿಂದ ಕಳಸವಳ್ಳಿಯ ದಡಕ್ಕೆ ಜನರನ್ನಲ್ಲದೆ ಕಾರು ಬಸ್ಸುಗಳನ್ನೂ ಅಗಲವಾದ ಅಟ್ಟದ ಮೇಲೆ ಸಾಗಿಸುತ್ತಿದ್ದಿತು. ಸಿಗಂದೂರಿನ ಚೌಡೇಶ್ವರಿಯ ಯಾತ್ರಿಕರಿಗೆ ಅದು ಯಾತ್ರೆಯ ಒಂದು ಸೊಗಸು. ದಡದ ನಿವಾಸಿಗಳಿಗಾದರೋ ಗಡಿಯಾರ. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಮರುದಿನದವರೆಗೆ ಕಾಯಬೇಕು, ಇಲ್ಲವೆ ಹತ್ತಾರು ಮೈಲಿ ಸುತ್ತಬೇಕು. ರಾತ್ರಿಯಲ್ಲಿ ಹೆರಿಗೆಯ ನೋವೋ ಹಾವಿನ ಕಡಿತವೋ ಒದಗಿದರೆ ಆ ಸುತ್ತಿನ ಅರ್ಥವು ಬೇರೆಯೇ. ಮಳೆ ತಡವಾದ ವರ್ಷಗಳಲ್ಲಿ ನೀರು ಹಿಂದೆ ಸರಿದು, ವಾಹನಗಳನ್ನು ಏರಿಸಲಾಗದೆ ನಿಲ್ಲಿಸಿದುದೂ ಉಂಟು.

ಅಂಬಾರಗೋಡ್ಲು-ಕಳಸವಳ್ಳಿಗಳ ನಡುವಣ ಸುಮಾರು 2.44 ಕಿಲೋಮೀಟರು ಉದ್ದದ ಸೇತುವೆಯು 2025ನೆಯ ಜುಲೈ 14ರಂದು ತೆರೆಯಲ್ಪಟ್ಟಿತು. ಮುಳುಗಡೆಯಾಗಿ ಆರು ದಶಕಗಳು ಕಳೆದಿದ್ದುವು. ಅಂದಿನಿಂದ ಹೊಳೆಬಾಗಿಲಿನ ದಾರಿಯಲ್ಲಿ ಬಸ್ಸು ನಿಲ್ಲದೆ ದಾಟುತ್ತದೆ. ಮಳೆ ಕಡಮೆಯಾದ ಬೇಸಗೆಗಳಲ್ಲಿ ಹಿನ್ನೀರು ಇಳಿದಾಗ ಹಿರೇಭಾಸ್ಕರದ ಹಳೆಯ ಕಟ್ಟೆಯು ತಲೆಯೆತ್ತುವುದನ್ನು ನೋಡಲು ಜನರು ಮಡೆನೂರಿಗೆ ಹೋಗುವುದುಂಟು.