ಒಬ್ಬರು ಬೇಡವೆಂದರೂ ಹಾರಾಟವಿಲ್ಲ: ಏರ್ ಆಂಬ್ಯುಲೆನ್ಸ್ ಸಿಬ್ಬಂದಿ ಕಲಿಯುವ ಪಾಠ

2010ರ ಮೇ 22ರ ಮುಂಜಾನೆಯನ್ನು ಕಾಸರಗೋಡಿನ ಜನ ಮರೆತಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಣಿವೆಗೆ ಬಿದ್ದು ಉರಿಯಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಅಸುನೀಗಿದರು. ಅವರಲ್ಲಿ ಅನೇಕರು ಗಡಿಯ ಈಚೆಗಿನ ಊರುಗಳವರು.

ಅಪಘಾತದ ವಿಚಾರಣಾ ವರದಿಯಲ್ಲಿ ಒಂದು ಮಾತಿದೆ. ವಿಮಾನವು ಇರಬೇಕಾದುದಕ್ಕಿಂತ ಹೆಚ್ಚು ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಇಳಿಯಲು ಹೊರಟಿತ್ತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕೆಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು. ಎಚ್ಚರಿಕೆಯ ಯಂತ್ರವೂ ಪದೇ ಪದೇ ಕೂಗಿತ್ತು. ಆದರೂ ಕ್ಯಾಪ್ಟನ್ ಇಳಿಸುವುದನ್ನು ನಿಲ್ಲಿಸಲಿಲ್ಲ. ಅಂಥ ಹೊತ್ತಿನಲ್ಲಿ ಸಹ ಪೈಲಟ್ ಏನು ಮಾಡಬಹುದೆಂಬ ಬಗ್ಗೆ ನಿಯಮಗಳಲ್ಲೇ ಅಸ್ಪಷ್ಟತೆಯಿತ್ತು. ಪ್ರಾಯಶಃ ಆ ಕಾರಣದಿಂದಲೇ ಅವರು ವಿಮಾನವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ ಎಂದೂ ವರದಿ ಗುರುತಿಸಿತು. ಅಪಾಯವನ್ನು ಕಂಡವರಿದ್ದರು, ಹೇಳಿದವರೂ ಇದ್ದರು; ಆ ಮಾತು ನಡೆಯಲಿಲ್ಲ.

ಇಂಥ ದುರಂತಗಳಿಂದಲೇ ಹುಟ್ಟಿದ ಶಿಕ್ಷಣಕ್ರಮಕ್ಕೆ ‘ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್’ ಎಂದು ಹೆಸರು. ವಿಮಾನದಲ್ಲಿರುವ ಪ್ರತಿಯೊಬ್ಬರ ಕಣ್ಣು, ಕಿವಿ, ತಿಳಿವಳಿಕೆಗಳನ್ನು ಒಟ್ಟಾಗಿ ಸುರಕ್ಷತೆಗೆ ಬಳಸಿಕೊಳ್ಳುವುದೇ ಇದರ ತಿರುಳು. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ಮಂಜು ಮುಸುಕಿದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಮಂದಿ ಸತ್ತರು. ಮುಂದಿನ ವಿಮಾನ ದಾರಿಯಿಂದ ಸರಿದಿಲ್ಲವೇ ಎಂದು ಫ್ಲೈಟ್ ಎಂಜಿನಿಯರ್ ಕೇಳಿದ್ದುಂಟು. ಸಂಸ್ಥೆಯಲ್ಲೇ ಅತ್ಯಂತ ಹಿರಿಯರಲ್ಲೊಬ್ಬರಾದ ಕ್ಯಾಪ್ಟನ್ ಸರಿದಿದೆ ಎಂದು ಹೇಳಿ ಮುಂದುವರಿದಿದ್ದರು. ಮರುವರ್ಷ ಡಿಸೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಚಕ್ರದ ದೋಷವೊಂದರ ಚಿಂತೆಯಲ್ಲೇ ಸುಮಾರು ಒಂದು ಗಂಟೆ ಸುತ್ತುತ್ತಿದ್ದ ವಿಮಾನ, ಇಂಧನ ಮುಗಿದು ಬಿದ್ದಿತು. ಹತ್ತು ಮಂದಿ ಮಡಿದರು. ಇಂಧನ ಕಡಿಮೆಯಾಗುತ್ತಿರುವುದು ಜೊತೆಯವರಿಗೆ ತಿಳಿದಿತ್ತು; ಆದರೆ ಅದನ್ನು ಒತ್ತಿ ಹೇಳುವ ಧೈರ್ಯ ಸಾಲಲಿಲ್ಲ. 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದಲ್ಲಿ ಈ ವಿಚಾರ ಚರ್ಚೆಗೆ ಬಂತು. 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ಇಂಥ ತರಬೇತಿಯನ್ನು ಆರಂಭಿಸಿತು.

ಏರ್ ಆಂಬ್ಯುಲೆನ್ಸ್‌ನಲ್ಲಿ ಈ ಪಾಠ ಇನ್ನಷ್ಟು ಕಠಿಣ. ಅಮೆರಿಕದ ಆಂಬ್ಯುಲೆನ್ಸ್ ಹೆಲಿಕಾಪ್ಟರಿನಲ್ಲಿ ಸಾಮಾನ್ಯವಾಗಿ ಪೈಲಟ್ ಒಬ್ಬರೇ. ಜೊತೆಗಿರುವವರು ಒಬ್ಬ ನರ್ಸ್ ಮತ್ತು ಒಬ್ಬ ಪ್ಯಾರಾಮೆಡಿಕ್. ಅವರು ಹಾರಾಟದ ಶಾಸ್ತ್ರ ಓದಿದವರಲ್ಲ. ಕರೆ ನಡುರಾತ್ರಿಯಲ್ಲಿ ಬರಬಹುದು, ಇಳಿಯಬೇಕಾದ ಜಾಗ ಹೆದ್ದಾರಿಯ ಬದಿಯೋ ಹೊಲವೋ ಆಗಿರಬಹುದು, ಅಲ್ಲಿ ಕಣ್ಣಿಗೆ ಬೀಳದ ವಿದ್ಯುತ್ ತಂತಿಗಳಿರಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಜೀವ ಕಾಯುತ್ತಿದೆ ಎಂಬ ಭಾರ ಎಲ್ಲರ ಎದೆಯ ಮೇಲಿರುತ್ತದೆ. 2002ರ ಜನವರಿಯಿಂದ 2005ರ ಜನವರಿಯವರೆಗೆ ಅಮೆರಿಕದಲ್ಲಿ ಇಂಥ ವೈದ್ಯಕೀಯ ಹಾರಾಟಗಳ 55 ಅಪಘಾತಗಳನ್ನು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಪರಿಶೀಲಿಸಿತು. ಅವುಗಳಲ್ಲಿ 54 ಮಂದಿ ಸತ್ತಿದ್ದರು. ಜೀವ ಉಳಿಸಲು ಹೊರಟವರೇ ಜೀವ ಕಳೆದುಕೊಳ್ಳುತ್ತಿದ್ದರು.

2005ರಲ್ಲಿ ಅಮೆರಿಕದ ವಾಯುಯಾನ ಆಡಳಿತವು ಏರ್ ಮೆಡಿಕಲ್ ರಿಸೋರ್ಸ್ ಮ್ಯಾನೇಜ್‌ಮೆಂಟ್ ಕುರಿತು ಮಾರ್ಗದರ್ಶಿಯನ್ನು ಹೊರಡಿಸಿತು. ಪೈಲಟ್, ನರ್ಸ್, ಪ್ಯಾರಾಮೆಡಿಕ್ ಅಷ್ಟೇ ಅಲ್ಲದೆ ಮೆಕ್ಯಾನಿಕ್‌ಗಳೂ ಕರೆ ಸ್ವೀಕರಿಸುವ ಸಿಬ್ಬಂದಿಯೂ ಒಟ್ಟಿಗೆ ಕುಳಿತು ಕಲಿಯಬೇಕೆಂಬುದು ಅದರ ಆಶಯ. 2014ರ ನಿಯಮಗಳು ಹಾರುವ ಮೊದಲು ಅಪಾಯದ ಲೆಕ್ಕಾಚಾರವನ್ನು ಕಡ್ಡಾಯಗೊಳಿಸಿದವು.

ಈ ವೃತ್ತಿಯಲ್ಲಿ ರೂಢವಾದ ಒಂದು ನಿಯಮದ ಪ್ರಕಾರ, ಹೊರಡಲು ಮೂವರ ಒಪ್ಪಿಗೆಯೂ ಬೇಕು. ಹೊರಡದಿರಲು ಒಬ್ಬರು ಬೇಡವೆಂದರೆ ಸಾಕು. ಹಾಗೆ ಬೇಡವೆಂದವರನ್ನು ಹಂಗಿಸುವಂತಿಲ್ಲ, ಶಿಕ್ಷಿಸುವಂತಿಲ್ಲ. ಇನ್ನೊಂದು ಪದ್ಧತಿ ಮೊದಲ ಕೇಳ್ವಿಗೆ ನಿರ್ದಯವೆನಿಸಬಹುದು. ಹಾರಬೇಕೇ ಬೇಡವೇ ಎಂದು ತೀರ್ಮಾನಿಸುವ ತನಕ ರೋಗಿ ಮಗುವೋ ಮುದುಕರೋ, ಸ್ಥಿತಿ ಎಷ್ಟು ಗಂಭೀರ ಎಂಬುದನ್ನು ಪೈಲಟ್‌ಗೆ ತಿಳಿಸುವುದಿಲ್ಲ. ಕಾರಣ ಸರಳ. ಮಗುವೆಂದು ಕೇಳಿದೊಡನೆ ಮನಸ್ಸು ಕರಗುತ್ತದೆ, ಮೋಡ ಮಾತ್ರ ಕರಗುವುದಿಲ್ಲ. ಹವಾಮಾನವನ್ನು ಹವಾಮಾನವಾಗಿಯೇ ನೋಡಬೇಕು.

ಇನ್ನೊಂದು ಅಪಾಯವೂ ಅನುಭವದಿಂದ ತಿಳಿದುಬಂತು. ಮಳೆ ಮೋಡದ ಕಾರಣದಿಂದ ಒಂದು ಸಂಸ್ಥೆ ಬರಲಾಗದೆಂದರೆ, ಆ ವಿಷಯವನ್ನು ಮುಚ್ಚಿಟ್ಟು ಮತ್ತೊಂದು ಸಂಸ್ಥೆಯನ್ನು ಕರೆಯುವ ಕೆಟ್ಟ ರೂಢಿಯಿತ್ತು. ಎರಡನೆಯವರಿಗೆ ಮೊದಲನೆಯವರ ನಿರಾಕರಣೆ ಗೊತ್ತಾಗಲೇಬೇಕೆಂಬುದನ್ನು ತರಬೇತಿ ಇಂದು ಒತ್ತಿ ಹೇಳುತ್ತದೆ.

ಮಾತನಾಡುವ ಬಗೆಯನ್ನೂ ಕಲಿಸಲಾಗುತ್ತದೆ. ಸುಮ್ಮನೆ ಗೊಣಗಿದರೆ ಸಾಲದು, ಕೂಗಾಡಿದರೂ ಪ್ರಯೋಜನವಿಲ್ಲ. ಮೊದಲು ಎದುರಿನವರನ್ನು ಹೆಸರಿಡಿದು ಕರೆಯಬೇಕು; ತನ್ನ ಕಳವಳವನ್ನು, ಕಣ್ಣಿಗೆ ಕಂಡುದನ್ನು, ಪರಿಹಾರವನ್ನು ಅನುಕ್ರಮವಾಗಿ ಹೇಳಿ ಉತ್ತರ ಕೇಳಬೇಕು. “ಕ್ಯಾಪ್ಟನ್, ನನಗೆ ಕಳವಳವಾಗಿದೆ. ಎಡಬದಿಯ ಊರಿನ ದೀಪಗಳು ಈಗ ಕಾಣುತ್ತಿಲ್ಲ. ಹಿಂತಿರುಗೋಣ ಎಂಬುದು ನನ್ನ ಸಲಹೆ. ನೀವು ಏನು ಹೇಳುತ್ತೀರಿ?” ಇಷ್ಟು ಹೇಳಲು ಹತ್ತು ಸೆಕೆಂಡು ಸಾಕು. ಕೇಳಿದವರು ಅದಕ್ಕೆ ಉತ್ತರಿಸಲೇಬೇಕು. ಹಾರಾಟ ಮುಗಿದ ಮೇಲೆ ಎಲ್ಲರೂ ಕುಳಿತು, ಯಾವುದು ಸರಿ ಹೋಯಿತು, ಯಾವುದು ತಪ್ಪಿತು ಎಂದು ಮಾತನಾಡಿಕೊಳ್ಳುವುದೂ ಪಾಠದ ಭಾಗವೇ.

ಇದರಿಂದ ಕ್ಯಾಪ್ಟನ್‌ನ ಅಧಿಕಾರ ಕುಂದುತ್ತದೆಯೇ? ಇಲ್ಲ. ಕೊನೆಯ ತೀರ್ಮಾನ, ಕೊನೆಯ ಹೊಣೆ ಅವರದೇ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ನಿಯಂತ್ರಣವೇ ಇಲ್ಲದಂತಾದ ವಿಮಾನವನ್ನು ಕ್ಯಾಪ್ಟನ್ ಆಲ್ ಹೇನ್ಸ್ ತಮ್ಮ ಸಂಗಡಿಗರೊಂದಿಗೆ ನೆಲಕ್ಕೆ ತಂದರು. ಪ್ರಯಾಣಿಕರಾಗಿ ಬಂದಿದ್ದ ತರಬೇತುದಾರ ಪೈಲಟ್ ಒಬ್ಬರು ಕಾಕ್‌ಪಿಟ್‌ಗೆ ಬಂದು ಎಂಜಿನ್‌ಗಳ ಹಿಡಿಕೆಗಳನ್ನು ನಿಭಾಯಿಸಿದರು. 112 ಮಂದಿ ಸತ್ತರೂ 184 ಮಂದಿ ಉಳಿದರು. ಅಷ್ಟು ಜೀವಗಳು ಉಳಿದುದಕ್ಕೆ ಈ ತರಬೇತಿಯೂ ಕಾರಣವೆಂದು ಹೇನ್ಸ್ ಮುಂದೆ ಹೇಳುತ್ತಾ ಬಂದರು.

ಹಿರಿಯರ ಮಾತಿಗೆ ಎದುರಾಡಬಾರದೆಂದು ಮಕ್ಕಳಿಗೆ ಹೇಳುತ್ತೇವೆ. ಅದು ಒಳ್ಳೆಯ ನಡತೆಯೇ. ಆದರೆ ಕರಿಹಲಗೆಯ ಮೇಲಿನ ಲೆಕ್ಕ ತಪ್ಪಿದೆಯೆಂದು ವಿನಯದಿಂದ ಎದ್ದು ಹೇಳುವ ಹುಡುಗಿ ಎದುರಾಡುತ್ತಿಲ್ಲ. ಅವಳ ಮಾತನ್ನು ಕೇಳಿ, ಲೆಕ್ಕವನ್ನು ಮತ್ತೊಮ್ಮೆ ನೋಡುವ ಮೇಷ್ಟ್ರ ಗೌರವವೂ ಕಡಿಮೆಯಾಗುವುದಿಲ್ಲ. ಮುಂದೆ ಅವಳು ನರ್ಸ್ ಆಗಿ ಹೆಲಿಕಾಪ್ಟರಿನ ಹಿಂದಿನ ಸೀಟಿನಲ್ಲಿ ಕುಳಿತಾಗ, ಆ ತರಗತಿಯಲ್ಲಿ ಎದ್ದು ನಿಂತ ಅಭ್ಯಾಸ ಅವಳ ನೆರವಿಗೆ ಬಂದೀತು.